ಹ್ಯಾಂಡಲ್ ಬದಲಿಸುವ ಮುನ್ನ ಕೇಬಲ್ ನೋಡಿ

ಬೈಕಿನ ಹ್ಯಾಂಡಲ್ ಬದಲಿಸುವವರು ಮೊದಲು ನೋಡುವುದು ಚಂದ. ನೋಡಲಿ, ಗಾಡಿ ಚಂದ ಇರಲೇಬೇಕು. ಆದರೆ ಅದಕ್ಕೂ ಮೊದಲು ಅಳತೆ. ಬುಲೆಟ್, ಆರ್‌ಎಕ್ಸ್ 100ನಂಥ ಗಾಡಿಗಳಿಗೆ 22 ಮಿ.ಮೀ. ದಪ್ಪದ ಹ್ಯಾಂಡಲ್ ಪೈಪು (ಬಾರ್), ನಡುವೆ ದಪ್ಪಗಿರುವ 28 ಮಿ.ಮೀ. ಬಾರ್ ಈ ಪೈಪನ್ನು ಹಿಡಿದಿಡುವ ಕ್ಲ್ಯಾಂಪಿನಲ್ಲಿ ಕೂರುವುದಿಲ್ಲ.

ಒಂದು ಇಂಚು ಎತ್ತರಿಸಿದರೆ ಸಾಮಾನ್ಯವಾಗಿ ಹಳೆಯ ಕೇಬಲ್ಲೇ ಸಾಲುತ್ತದೆ. ತುಂಬಾ ಏರಿಸಿದರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಡಿಸ್ಕ್ ಬ್ರೇಕಿನ ಆಯಿಲ್ ಹರಿಯುವ ಹೋಸ್ ಎಲ್ಲವೂ ಉದ್ದದ್ದೇ ಬೇಕು. ನೋಡುವುದು ಹೀಗೆ: ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ. ಎಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿ ಎಳೆಯುತ್ತಿದೆ ಎಂದರ್ಥ. ಯು-ಟರ್ನ್ ಹೊಡೆಯುವಾಗ ಗಾಡಿ ತಾನಾಗಿ ರೇಸ್ ಆದರೆ ಬಿದ್ದಂತೆಯೇ. ದಯವಿಟ್ಟು ಇದೊಂದನ್ನು ಬಿಡಬೇಡಿ.

ಕೆಲವು ಗಾಡಿಗಳ ಸ್ವಿಚ್ ಡಬ್ಬಿಯೊಳಗೆ ಪುಟ್ಟ ಪಿನ್ ಇರುತ್ತದೆ. ಹೊಸ ಬಾರಿನಲ್ಲಿ ಅದಕ್ಕೆ ತೂತಿಲ್ಲವೆಂದು ಪಿನ್ನನ್ನೇ ಉಜ್ಜಿ ತೆಗೆಯುವವರಿದ್ದಾರೆ. ಆಮೇಲೆ ಡಬ್ಬಿ ಬಾರಿನ ಸುತ್ತ ತಿರುಗುತ್ತದೆ. ಸೀಟಿನ ಮೇಲೆ ಕೂತು, ಮೊಣಕೈ ಸ್ವಲ್ಪ ಮಡಚಿ, ಮಣಿಕಟ್ಟು ನೇರ ಇರುವಂತೆ ಕೋನ ಹೊಂದಿಸಿ, ಗುರುತು ಹಾಕಿ, ಬಾರಿಗೆ ತೂತು ಕೊರೆಸುವುದೇ ಸರಿ.

ಬ್ರೇಕ್ ಆಯಿಲ್ ಡಬ್ಬಿಯನ್ನು ಹ್ಯಾಂಡಲ್ಲಿನಿಂದ ಬಿಚ್ಚಿದಾಗ ನೆಟ್ಟಗೇ ಹಿಡಿದಿರಿ, ಇಲ್ಲವಾದರೆ ಗಾಳಿ ಸೇರುತ್ತದೆ. ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ. ಆ ಆಯಿಲ್ ಪೇಂಟನ್ನು ತಿಂದುಹಾಕುತ್ತದೆ. ಹೋಸ್ ಬದಲಿಸಿದರೆ ತಾಮ್ರದ ವಾಷರುಗಳೂ ಹೊಸವೇ ಆಗಬೇಕು.

ಬಾರಿನ ತುದಿಯ ತೂಕಗಳು ಅಲಂಕಾರಕ್ಕಲ್ಲ, ಕೈ ಜುಮ್ಮೆನ್ನಿಸುವ ಕಂಪನ ತಗ್ಗಿಸಲು. ಹೊಸ ಬಾರಿಗೂ ಅವನ್ನು ಹಾಕಿಸಿ.