ಬಾಸ್ ಬೈಯೋದನ್ನೇ ಬಿಟ್ಬಿಟ್ರು

ಮೊನ್ನೆ ಸಂಜೆ ಬಾಸ್ ಮೇಲ್ ಓದ್ತಾ ಕೂತಿದ್ದೆ, ಪಕ್ಕದಲ್ಲಿ ಹೋಮ್‌ವರ್ಕ್ ಮಾಡ್ತಿದ್ದ ಮಗಳು ಇಣುಕಿ ನೋಡಿ "ಅಪ್ಪಾ, ಇದನ್ನ ನಿನ್ ಬಾಸ್ ಬರ್ದಿಲ್ಲ, ಎಐ ಬರ್ದಿದೆ. ನೀನೂ ಅದ್ರ ಕೈಲೇ ಉತ್ರ ಬರೆಸ್ತೀಯ. ಅವೆರಡೇ ಮಾತಾಡ್ಕೊಳ್ಳಿ ಬಿಡು, ನೀವಿಬ್ರೂ ರಜಾ ಹಾಕಿ" ಅಂದ್ಲು. ನಗು ಬಂತು, ಆಮೇಲೆ ಯಾಕೋ ಚುರುಕ್ ಅಂತು.

ಜರ್ಮನಿಯ ಮ್ಯೂನಿಕ್‌ಗೆ ಬಂದ ಹೊಸದ್ರಲ್ಲಿ ಈ ಮನುಷ್ಯನ ಮೇಲ್ ಅಂದ್ರೆ ಒಂದೂವರೆ ಸಾಲು. "ರಿಪೋರ್ಟ್ ತಪ್ಪಿದೆ. ಮೂರನೇ ಟೇಬಲ್ ನೋಡು." ನಮಸ್ಕಾರ ಇಲ್ಲ ಗಿಮಸ್ಕಾರ ಇಲ್ಲ. ಮೈ ಉರೀತಿತ್ತು, ಆದ್ರೆ ತಪ್ಪೆಲ್ಲಿದೆ ಅಂತ ಗೊತ್ತಾಗ್ತಿತ್ತು. ಈಗ ಅದೇ ವಿಷ್ಯಕ್ಕೆ ನಾಲ್ಕು ಪ್ಯಾರಾ: ಮೊದ್ಲು ನನ್ನ ಶ್ರಮಕ್ಕೆ ಥ್ಯಾಂಕ್ಸು, ಆಮೇಲೆ ಟೀಮಿಗೆ ನಾನೆಷ್ಟು ಮುಖ್ಯ ಅಂತ, ಮಧ್ಯದಲ್ಲೆಲ್ಲೋ "ಕೆಲವು ಅಂಕಿಗಳನ್ನ ಇನ್ನೊಮ್ಮೆ ನೋಡಬಹುದೇನೋ", ಕೊನೇಲಿ ಮತ್ತೆ ಥ್ಯಾಂಕ್ಸು. ಯಾವ ಟೇಬಲ್ಲು ಅಂತ ಮಾತ್ರ ಇಲ್ಲ. ಕೋಪ ಬಂದಿದ್ಯೋ ಇಲ್ವೋ, ಅದೂ ತಿಳಿಯಲ್ಲ.

ಇಲ್ಲಿ ಕಾನೂನೇನೋ ಗಟ್ಟಿ, ಒಪ್ಕೋಬೇಕು. ನೌಕರರೇ ಓಟ್ ಹಾಕಿ ಆರಿಸಿದ ವರ್ಕ್ಸ್ ಕೌನ್ಸಿಲ್ ಇರೋ ಕಂಪನೀಲಿ, ಅವ್ರ ಕೆಲಸದ ಮೇಲೆ ಕಣ್ಣಿಡೋ ಯಾವ ಯಂತ್ರ ತರ್ಬೇಕಂದ್ರೂ 1972ರ ಕಾಯ್ದೆ ಪ್ರಕಾರ ಆ ಕೌನ್ಸಿಲ್ ಒಪ್ಪಬೇಕು. ಮೀಟಿಂಗ್ ಸಾರಾಂಶ ಬರೆಯೋ ಸಾಫ್ಟ್‌ವೇರ್ ಬಂದಾಗ ಯಾರು ಎಷ್ಟು ಮಾತಾಡಿದ್ರು ಅನ್ನೋ ಲೆಕ್ಕ ತೋರಿಸೋ ಹಾಗಿಲ್ಲ ಅಂತ ನಮ್ಮವ್ರು ಪಟ್ಟು ಹಿಡಿದು ಕೂತ್ರು. ಬೆಂಗ್ಳೂರಿನ ಗೆಳೆಯ ಇದನ್ನ ನಂಬ್ಲೇ ಇಲ್ಲ. ಅವ್ನ ಮ್ಯಾನೇಜರ್ರು ರಾತ್ರಿ ಹನ್ನೊಂದಕ್ಕೆ ಡ್ಯಾಶ್‌ಬೋರ್ಡಿನ ಸ್ಕ್ರೀನ್‌ಶಾಟ್ ತೆಗ್ದು, ಹಿಂದೆ ಬಿದ್ದವ್ರ ಹೆಸ್ರಿಗೆ ಕೆಂಪು ಸುತ್ತು ಹಾಕಿ ವಾಟ್ಸಾಪ್ ಗ್ರೂಪಿಗೆ ಬಿಡ್ತಾರಂತೆ. ಆದ್ರೆ ಮೇಲ್ ಯಾರು ಬರೀತಾರೆ ಅನ್ನೋದಕ್ಕೆ ಯಾವ ಕೌನ್ಸಿಲ್ ಅಡ್ಡ ಬರುತ್ತೆ ಹೇಳಿ.

ಅಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೇಲಿದ್ರು. ಫೋರ್‌ಮನ್ ಬೈದ್ರೆ ಶೆಡ್ಡಿಗೆಲ್ಲ ಕೇಳ್ತಿತ್ತಂತೆ, ಅಪ್ಪನೂ ತಿರುಗಿ ಕೂಗ್ತಿದ್ರಂತೆ, ಶಿಫ್ಟ್ ಬಿಟ್ಮೇಲೆ ಇಬ್ರೂ ಒಂದೇ ಬೆಂಚಲ್ಲಿ ಕೂತು ಟೀ ಕುಡೀತಿದ್ರಂತೆ. ಹಂಗಂತ ಅದನ್ನ ಹೊಗಳ್ತಿಲ್ಲ, ಅಪ್ಪಂಗೆ ಬಿಪಿ ಶುರುವಾಗಿದ್ದೂ ಅಲ್ಲೇ.

ನಿನ್ನೆ ಕಾಫಿ ಮಷೀನ್ ಹತ್ರ ಬಾಸ್‌ನ ಕೇಳೇಬಿಟ್ಟೆ. "ನಾನು ಒರಟು ಅಂತ ಸರ್ವೇಲಿ ಬರ್ದವ್ರು ನೀವೇ ತಾನೇ, ಇಂಗ್ಲಿಷ್ ನಂಗೂ ಪರಭಾಷೆ, ಅದಕ್ಕೇ ಮೆತ್ತಗೆ ಮಾಡ್ಸಿ ಕಳಿಸ್ತೀನಿ" ಅಂದ್ರು. ನನ್ ಹತ್ರ ಉತ್ರ ಇರ್ಲಿಲ್ಲ.

ರಾತ್ರಿ ಗೆಳೆಯನಿಗೆ ಫೋನಲ್ಲಿ ಇದನ್ನೆಲ್ಲ ಹೇಳ್ದೆ. ಅವ್ನು ನಗ್ಲಿಲ್ಲ. "ಆ ಮೇಲ್ ಮೆತ್ತಗೆ ಮಾಡೋ ಸಾಫ್ಟ್‌ವೇರ್ ಹೆಸ್ರು ಕಳ್ಸೋ ಮಾರಾಯಾ, ನಮ್ಮೋರಿಗೂ ಹಾಕ್ಸೋಣ" ಅಂದ.