ಮೂಗಿಗಿಂತ ಮೂಗುತಿ ಭಾರ: ಹಳೆಯ ಮಾಜ್ದಾ ಎಂಎಕ್ಸ್-5ಗೆ ಸೂಪರ್‌ಚಾರ್ಜರ್, ಮೂರನೇ ಕಂತು

ಆರು ವಾರ, ನಾಲ್ಕು ಬೆಲ್ಟು, ಎರಡು ಐಡ್ಲರ್ (ಬೆಲ್ಟಿಗೆ ದಾರಿ ತೋರುವ ರಾಟೆ). ಸೂಪರ್‌ಚಾರ್ಜರಿನ ಬೆಲ್ಟ್ ಜಾರುತ್ತಿದ್ದುದರ ಕಾರಣ ಕೊನೆಗೂ ಸಿಕ್ಕಿದ್ದು ಕ್ರ್ಯಾಂಕಿನ ಮೂಗಿನಲ್ಲಿ, ಅಂದರೆ ಪುಲ್ಲಿ ಕೂರುವ ಕ್ರ್ಯಾಂಕ್‌ಶಾಫ್ಟಿನ ಮುಂದಿನ ತುದಿಯಲ್ಲಿ. ಗಾಡಿ ಆರಿಸುವ ದಿನ ಟಾರ್ಚ್ ಹಿಡಿದು ಬಗ್ಗಿದ್ದರೆ ಎರಡು ನಿಮಿಷದಲ್ಲಿ ಕಾಣುತ್ತಿದ್ದ ಜಾಗ ಅದು.

ಹೊಸದಾಗಿ ಓದುತ್ತಿರುವವರಿಗೆ ಪ್ರಾಜೆಕ್ಟಿನ ಜಾತಕ ಇಷ್ಟು. ಗಾಡಿ 1990ರ ಯೂನೋಸ್ ರೋಡ್‌ಸ್ಟರ್, ಅಂದರೆ ಜಪಾನಿನಿಂದ ಬ್ರಿಟನ್ನಿಗೆ ಬಂದ ಎನ್‌ಎ (ಮೊದಲ ತಲೆಮಾರಿನ) ಎಂಎಕ್ಸ್-5. ಎಂಜಿನ್ 1597 ಸಿಸಿಯ ಬಿ6. ಬ್ಲೋವರ್, ಅಂದರೆ ಬೆಲ್ಟಿನಿಂದ ತಿರುಗಿ ಎಂಜಿನ್ನಿಗೆ ಗಾಳಿ ತಳ್ಳುವ ಸೂಪರ್‌ಚಾರ್ಜರ್, ಮಿನಿ ಕೂಪರ್ ಎಸ್ ಆರ್53ರ ಈಟನ್ ಎಂ45. ಗುರಿ 6 ಪಿಎಸ್‌ಐ ಬೂಸ್ಟ್ (ವಾತಾವರಣಕ್ಕಿಂತ ಹೆಚ್ಚಿನ ಒತ್ತಡ), ಕ್ರ್ಯಾಂಕಿನಲ್ಲಿ 155ರಿಂದ 160 ಎಚ್‌ಪಿ. ಬ್ರ್ಯಾಕೆಟ್, ಮೆಗಾಸ್ಕ್ವರ್ಟ್ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ವೈರಿಂಗ್, ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಮಿಶ್ರಣ ಅಳೆಯುವ ಸೆನ್ಸರ್) ಎಲ್ಲ ಮುಗಿದಿದೆ, ಅದನ್ನು ಮತ್ತೆ ಕುಟ್ಟುವುದಿಲ್ಲ. ಇಂಜೆಕ್ಟರ್ ಬಗ್ಗೆ ಮಾತ್ರ ಒಂದು ಮಾತು: 1.6ರ ಸ್ಟಾಕ್ ಇಂಜೆಕ್ಟರ್ ನಿಮಿಷಕ್ಕೆ ಸುಮಾರು 210 ಸಿಸಿ. 160 ಎಚ್‌ಪಿಗೆ, 80 ಶೇಕಡ ಡ್ಯೂಟಿಯೊಳಗೆ (ಇಂಜೆಕ್ಟರ್ ತೆರೆದಿರುವ ಸಮಯ) ಉಳಿಯಬೇಕಾದರೆ 290 ಸಿಸಿ ಬೇಕು. ಫ್ಯುಯೆಲ್ ಪ್ರೆಶರ್ ಏರಿಸಿ ಹೇಗೋ ಸುಧಾರಿಸುವ ಹಳೇ ಜುಗಾಡ್‌ಗಳನ್ನು ಮರೆತುಬಿಡಿ.

ಇದೇ ಗಾಡಿ ಯಾಕೆ ಎಂಬ ಪ್ರಶ್ನೆ ಪ್ರತಿ ಕಂತಿನಲ್ಲೂ ಬರುತ್ತದೆ. ಹಳೆಯ ಸ್ಪೋರ್ಟ್ಸ್ ಕಾರಿಗೆ ಬ್ಲೋವರ್ ಕೂರಿಸುವಾಗ ಮೊದಲು ನೋಡಬೇಕಾದದ್ದು ಕಂಪ್ರೆಶನ್, ಅಂದರೆ ಸಿಲಿಂಡರಿನಲ್ಲಿ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬುದು. ಹೋಂಡಾ ಎಸ್2000 ಅದ್ಭುತ ಎಂಜಿನ್ನೇ, ಆದರೆ ಕಂಪ್ರೆಶನ್ 11ಕ್ಕೆ ಕಡಿಮೆಯಿಲ್ಲ. ಇಂಟರ್‌ಕೂಲರ್ ಇಲ್ಲದೆ, ಬಂಕಿನ ಪೆಟ್ರೋಲಿನಲ್ಲಿ ಅದಕ್ಕೆ ಬೂಸ್ಟ್ ಕೊಡುವುದೆಂದರೆ ನಾಕಿಂಗ್‌ಗೆ (ಪೆಟ್ರೋಲ್ ತಾನಾಗಿ ಸಿಡಿಯುವುದಕ್ಕೆ) ಆಮಂತ್ರಣ ಪತ್ರಿಕೆ ಕೊಟ್ಟ ಹಾಗೆ. ಪೋರ್ಶೆ ಬಾಕ್ಸ್‌ಸ್ಟರ್ 986ರದೂ 11ರ ಲೆಕ್ಕ, ಜೊತೆಗೆ ಐಎಂಎಸ್ (ಇಂಟರ್‌ಮೀಡಿಯೆಟ್ ಶಾಫ್ಟ್) ಬೇರಿಂಗಿನ ತಲೆನೋವು. ಪೋರ್ಶೆ 944ರಲ್ಲಿ ಟೈಮಿಂಗ್ ಬೆಲ್ಟ್ ತುಂಡಾದರೆ ಪಿಸ್ಟನ್ನಿಗೂ ವಾಲ್ವಿಗೂ ಜಗಳ. ಬಿ6ರ ಕಂಪ್ರೆಶನ್ 9.4. ಬ್ಲಾಕ್ ಬೀಡು ಕಬ್ಬಿಣದ್ದು. ಇದೇ ಮನೆತನದ ಎಂಜಿನ್ ಮಾಜ್ದಾ 323ರಲ್ಲಿ ಫ್ಯಾಕ್ಟರಿ ಟರ್ಬೋ ಹೊತ್ತು ಓಡಿದೆ. ಬೆಲ್ಟ್ ಹರಿದರೂ ವಾಲ್ವ್ ಬಾಗುವುದಿಲ್ಲ. ಜಾಕ್ಸನ್ ರೇಸಿಂಗ್‌ನವರು ಇದಕ್ಕೆಂದೇ ಎಂ45 ಕಿಟ್ ಮಾಡಿ ಮಾರಿದ್ದರಿಂದ ದಾರಿಯೂ ಹೊಸದಲ್ಲ. ಕಾಗದದ ಮೇಲೆ ಎಲ್ಲ ಸರಿ. ಕಾಗದದಲ್ಲಿ ಕ್ರ್ಯಾಂಕಿನ ಮೂಗಿನ ಪ್ರಸ್ತಾಪ ಇರಲಿಲ್ಲ, ಅಷ್ಟೇ.

ಬ್ಲೋವರ್ ಬಗ್ಗೆ ಗೊಣಗಾಟ ಇಲ್ಲೇ ಮುಗಿಸಿಬಿಡೋಣ. ‘ಟೆಸ್ಟೆಡ್, ಪರ್ಫೆಕ್ಟ್’ ಎಂಬ ಚೀಟಿ ಅಂಟಿಸಿಕೊಂಡು ಗುಜರಿಯಿಂದ ಬಂದ ಎಂ45ರ ಹಿಂಬದಿಯ ಗೇರ್ ಕೋಣೆ ಒಣಗಿದ ಬಾವಿಯಂತಿತ್ತು. ಮಿನಿಯಲ್ಲಿ ವಾಟರ್ ಪಂಪ್ ತಿರುಗುವುದೇ ಬ್ಲೋವರಿನ ಬೆನ್ನಿನಿಂದ. ಮುಂದೆ ಒಂದು, ಹಿಂದೆ ಒಂದು, ಹೀಗೆ ಬೇರೆ ಬೇರೆ ಎಣ್ಣೆ ಕೋಣೆಗಳಿವೆ. ಹಿಂದಿನದು ಸದ್ದಿಲ್ಲದೆ ಒಣಗುವುದು ಈ ಬ್ಲೋವರಿನ ಹುಟ್ಟುಗುಣ. ಕೊಳ್ಳುವ ಮುನ್ನ ಎರಡೂ ಪ್ಲಗ್ ಬಿಚ್ಚಿ ವಾಸನೆ ನೋಡಿ. ಎಣ್ಣೆ ಕಪ್ಪಾಗಿದ್ದರೆ ಬದಲಾಯಿಸಬಹುದು, ಎಣ್ಣೆಯೇ ಇಲ್ಲದಿದ್ದರೆ ಗೇರ್ ಹಲ್ಲು ನೋಡದೆ ದುಡ್ಡು ಕೊಡಬೇಡಿ. ಮಾಜ್ದಾಗೆ ತನ್ನದೇ ವಾಟರ್ ಪಂಪ್ ಇರುವುದರಿಂದ ಆ ಡ್ರೈವ್ ತೆಗೆದು, ಪ್ಲೇಟ್ ಹಾಕಿ, ಒ-ರಿಂಗ್ ಕೊಟ್ಟು ಮುಚ್ಚಿದ್ದಾಗಿದೆ.

ಈಗ ಬೆಲ್ಟಿನ ಕಥೆ.

ಎಂ45 ಒಂದು ಸುತ್ತಿಗೆ 45 ಘನ ಅಂಗುಲ, ಅಂದರೆ 0.737 ಲೀಟರ್ ಗಾಳಿ ದಾಟಿಸುತ್ತದೆ. ಕ್ರ್ಯಾಂಕ್ ಪುಲ್ಲಿ 125 ಮಿ.ಮೀ., ಬ್ಲೋವರ್ ಪುಲ್ಲಿ 85 ಮಿ.ಮೀ., ಅನುಪಾತ 1.47. 7000 ಆರ್‌ಪಿಎಂನಲ್ಲಿ ಬ್ಲೋವರ್ ಸುಮಾರು 10,300, ಅದರ ಮಿತಿಗಿಂತ ಬಹಳ ಕೆಳಗೆ. ರೋಲಿಂಗ್ ರೋಡ್ (ಗಾಡಿಯನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಮೇಲೆ 4000ದಲ್ಲಿ 6 ಪಿಎಸ್‌ಐ ಲಕ್ಷಣವಾಗಿ ಬಂತು. 5000 ದಾಟಿದ್ದೇ ತಡ ಮುಳ್ಳು ಇಳಿಯಲು ಶುರು, 6000ಕ್ಕೆ 3ರ ಆಸುಪಾಸು. ಇಂಥ ಬ್ಲೋವರಿನಲ್ಲಿ ಬೂಸ್ಟ್ ಮೇಲ್ಗಡೆ ಸ್ವಲ್ಪ ಏರಬೇಕೇ ಹೊರತು ಅರ್ಧಕ್ಕೆ ಇಳಿಯಬಾರದು.

ಮೊದಲ ಅನುಮಾನ ಬೇಡದ ಬೂಸ್ಟನ್ನು ಹಿಂದಕ್ಕೆ ಬಿಡುವ ಬೈಪಾಸ್ ವಾಲ್ವ್ ಮೇಲೆ. ಅದು ಅರೆಬರೆ ತೆರೆದುಕೊಂಡರೂ ಇದೇ ಲಕ್ಷಣ ಕಾಣುತ್ತದೆ. ವಾಲ್ವೋ ಬೆಲ್ಟಿನ ಜಾರಾಟವೋ ಎಂದು ಬೇರೆ ಮಾಡಿ ನೋಡಲು ಸುಲಭದ ಉಪಾಯ ಇದೆ: ಬ್ಲೋವರ್ ಪುಲ್ಲಿಯ ಮೇಲೆ ಒಂದು ತುಂಡು ರಿಫ್ಲೆಕ್ಟರ್ ಟೇಪ್ ಅಂಟಿಸಿ, ಆಪ್ಟಿಕಲ್ ಟ್ಯಾಕೋ ಹಿಡಿದು ಲೋಡಿನಲ್ಲಿ ಓದಿ. ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ ಓದಿದರೆ ಪ್ರಯೋಜನವಿಲ್ಲ, ಬೂಸ್ಟೇ ಇರುವುದಿಲ್ಲ. ಎಂಜಿನ್ 6000 ಇದ್ದಾಗ ಬ್ಲೋವರ್ 8820 ತಿರುಗಬೇಕು. ಟ್ಯಾಕೋ ಹೇಳಿದ್ದು 7950. ಹತ್ತು ಶೇಕಡ ಜಾರಾಟ, ಅರ್ಧ ಬೂಸ್ಟ್ ಮಾಯ. ಎಂ45ನಂಥ ರೂಟ್ಸ್ ಬ್ಲೋವರ್‌ಗಳಲ್ಲಿ ಹೀಗೇ: ಎಂಜಿನ್ ತಾನೇ ಎಳೆದುಕೊಳ್ಳುವ ಗಾಳಿಗಿಂತ ಮೇಲೆ ತಳ್ಳಿದ್ದಷ್ಟೇ ಬೂಸ್ಟ್ ಆಗುವುದರಿಂದ, ವೇಗ ಸ್ವಲ್ಪ ಇಳಿದರೂ ಮುಳ್ಳು ಧಡ್ ಎಂದು ಬೀಳುತ್ತದೆ.

ಜಾರುತ್ತಿದೆ ಎಂದ ಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದ್ದಾಯಿತು, ಬಿಗಿ ಮಾಡುವುದು. ಇನ್ನೂ ಹೆಚ್ಚು ಜಾರಿತು! ಹೊಸ ಬೆಲ್ಟ್ ಹಾಕಿದರೆ ಒಂದು ಓಟ ಚೆನ್ನಾಗಿ ಓಡಿ ಮತ್ತೆ ಅದೇ ರಾಗ. (6ಪಿಕೆ1150, ಅಂದರೆ ಉದ್ದಕ್ಕೂ ಆರು ರಿಬ್ (ಏಣು) ಇರುವ 1150 ಮಿ.ಮೀ. ಬೆಲ್ಟ್, ಕೇಳಿದರೆ 6ಪಿಕೆ1195 ಕಳಿಸಿ, ‘ಟೆನ್ಶನರ್ ಇದೆಯಲ್ಲ, ಅಡ್ಜಸ್ಟ್ ಮಾಡಿಕೊಳ್ಳಿ’ ಎಂದ ಅಂಗಡಿಯವರಿಗೆ ದೊಡ್ಡ ನಮಸ್ಕಾರ.) ಐಡ್ಲರ್ ಜಾಗ ಬದಲಿಸಿ ಬ್ಲೋವರ್ ಪುಲ್ಲಿಯ ಸುತ್ತು 120 ಡಿಗ್ರಿಯಿಂದ 165ಕ್ಕೆ ಏರಿಸಿದರೂ ಲಾಭ ಅತ್ಯಲ್ಪ.

ಆಗ ಮಾಡಿದ ಲೆಕ್ಕವೇ ದಾರಿ ತೋರಿಸಿದ್ದು. ಅದನ್ನು ಮೊದಲೇ ಮಾಡಿದ್ದರೆ ಎರಡು ಬೆಲ್ಟಿನ ದುಡ್ಡು ಉಳಿಯುತ್ತಿತ್ತು. ರೂಟ್ಸ್ ಬ್ಲೋವರ್ ಒಳಗೆ ಗಾಳಿಯನ್ನು ಹಿಂಡುವುದಿಲ್ಲ, ಆಚೆಗೆ ದಾಟಿಸುತ್ತದೆ ಅಷ್ಟೇ. ಹಾಗಾಗಿ ಅದು ತಿನ್ನುವ ಶಕ್ತಿ ಒತ್ತಡದ ವ್ಯತ್ಯಾಸ ಗುಣಿಸು ದಾಟಿಸಿದ ಗಾತ್ರ. 6 ಪಿಎಸ್‌ಐ ಅಂದರೆ 41 ಕಿಲೋಪಾಸ್ಕಲ್. 7000 ಆರ್‌ಪಿಎಂನಲ್ಲಿ ಸೆಕೆಂಡಿಗೆ 0.126 ಘನ ಮೀಟರ್. ಗುಣಿಸಿದರೆ 5.2 ಕಿಲೋವ್ಯಾಟ್, ಗೇರು, ಬೇರಿಂಗು, ಬೆಲ್ಟಿನ ಪಾಲು ಸೇರಿಸಿ 6.5 ಎಂದಿಟ್ಟುಕೊಳ್ಳಿ. ಬೆಲ್ಟಿನ ವೇಗ ಸೆಕೆಂಡಿಗೆ 46 ಮೀಟರ್. ಭಾಗಿಸಿದರೆ ಬಿಗಿ ಬದಿಗೂ ಸಡಿಲ ಬದಿಗೂ ಇರುವ ಎಳೆತದ ವ್ಯತ್ಯಾಸ ಸುಮಾರು 140 ನ್ಯೂಟನ್. ಘರ್ಷಣೆಯ ಅಂಕಿಯನ್ನು ಜಿಪುಣತನದಿಂದ 0.5 ಎಂದು ಹಿಡಿದರೂ, 120 ಡಿಗ್ರಿ ಸುತ್ತಿನಲ್ಲಿ ಬಿಗಿ ಬದಿಗೆ 220 ನ್ಯೂಟನ್, ಸಡಿಲ ಬದಿಗೆ 80 ಸಾಕು. ಬೆಲ್ಟ್ ಬಿಗಿದಿದ್ದುದು ಪ್ರತಿ ಬದಿಗೆ 300ರಲ್ಲಿ. ಅಂದರೆ ಈ ಲೆಕ್ಕದ ಪ್ರಕಾರ ಬೆಲ್ಟ್ ಜಾರಬಾರದು, ಆರು ರಿಬ್ಬೂ ಪುಲ್ಲಿಯ ತೋಡುಗಳಲ್ಲಿ ಕೂತಿದ್ದರೆ.

ಕೂತಿರಲಿಲ್ಲ. ಕಿತ್ತ ಬೆಲ್ಟನ್ನು ಬೆಳಕಿಗೆ ಹಿಡಿದಾಗ ಹೊರಗಿನ ಎರಡು ರಿಬ್ ಹೊಳೆಯುತ್ತಿದ್ದವು, ಒಳಗಿನದರ ಅಂಚು ಹೊಟ್ಟು ಹೊಟ್ಟಾಗಿತ್ತು. ಅಲೈನ್‌ಮೆಂಟ್ ತಪ್ಪಿದ್ದರೆ ಸವೆತ ಒಂದೇ ಕಡೆ ಇರುತ್ತದೆ. ಎರಡೂ ಕಡೆ ಇದ್ದರೆ ಪುಲ್ಲಿ ಓಲಾಡುತ್ತಿದೆ ಎಂದರ್ಥ. ಸ್ಟ್ರೇಟ್ ಎಡ್ಜ್ ಇಟ್ಟು ನಿಂತ ಗಾಡಿಯಲ್ಲಿ ಅಳೆದಾಗ ಎಲ್ಲ ಸರಿ ಕಂಡದ್ದು ಅದಕ್ಕೇ.

ಇನ್ನೊಂದು ಸುಳಿವು ತಿಂಗಳಿನಿಂದ ಕಣ್ಣೆದುರೇ ಇತ್ತು. ಇಗ್ನಿಶನ್ ಟೈಮಿಂಗನ್ನು 10 ಡಿಗ್ರಿಗೆ ಕಟ್ಟಿಹಾಕಿ ಟೈಮಿಂಗ್ ಲೈಟ್ ಹಿಡಿದರೆ ಪುಲ್ಲಿಯ ಗುರುತು 10ಕ್ಕೂ 7ಕ್ಕೂ ನಡುವೆ ತೂಗುತ್ತಿತ್ತು. (ಸ್ಟಾಕ್ ಇಸಿಯು, ಅಂದರೆ ಕಂಪನಿಯ ಎಂಜಿನ್ ಕಂಪ್ಯೂಟರ್, ಇರುವವರು ಡಯಾಗ್ನೋಸಿಸ್ ಡಬ್ಬಿಯಲ್ಲಿ ಟಿಇಎನ್‌ನಿಂದ ಜಿಎನ್‌ಡಿಗೆ ಜಂಪರ್ ಹಾಕಿ 850ರ ಐಡ್ಲಿನಲ್ಲಿ ನೋಡಿ.) ಅಪವಾದ ಹೊತ್ತದ್ದು ಹೆಡ್ಡಿನ ಹಿಂಬದಿಯ ಕ್ಯಾಮ್ ಆ್ಯಂಗಲ್ ಸೆನ್ಸರ್. ಪಾಪ, ಅದರ ಒ-ರಿಂಗ್ ಎಣ್ಣೆ ಸುರಿಸುತ್ತಿದ್ದುದು ನಿಜ, ಉಳಿದಂತೆ ಅದು ನಿರಪರಾಧಿ. ಬದಲಾಯಿಸಿದರೂ ಗುರುತು ತೂಗುತ್ತಲೇ ಇತ್ತು.

ಡಯಲ್ ಗೇಜನ್ನು ಮ್ಯಾಗ್ನೆಟಿಕ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಪ್ಲಗ್ ಬಿಚ್ಚಿ, ಎಂಜಿನ್ ಕೈಯಲ್ಲಿ ತಿರುಗಿಸಿದಾಗ ಪುಲ್ಲಿಯ ಮುಖ 0.6 ಮಿ.ಮೀ. ಔಟ್ ಹೊಡೆಯಿತು, ಅಂಚಿನಲ್ಲಿ 0.4. ಪುಲ್ಲಿಯ ನಾಲ್ಕು ಸಣ್ಣ ಬೋಲ್ಟ್ ತೆಗೆದು, ಫ್ಲೈವೀಲ್ ಲಾಕ್ ಮಾಡಿ, 21ರ ಸಾಕೆಟ್ ಹಾಕಿದರೆ ಕ್ರ್ಯಾಂಕ್ ಬೋಲ್ಟ್ ಬೆಣ್ಣೆಯಂತೆ ಬಿಚ್ಚಿಕೊಂಡಿತು. ಅದು ಒಳ್ಳೆಯ ಲಕ್ಷಣವಲ್ಲ. ಪುಲ್ಲಿಯನ್ನು ಹೊತ್ತ ನಡುಭಾಗ, ಅಂದರೆ ಬಾಸ್, ಹೊರಗೆ ಬಂತು, ಹಿಂದೆ ತುಕ್ಕಿನ ಬಣ್ಣದ ಪುಡಿ. ಅದನ್ನು ಕ್ರ್ಯಾಂಕಿನ ಮೇಲೆ ತಿರುಗದಂತೆ ಹಿಡಿಯುವ ಕೀ (ಲೋಹದ ಬೆಣೆ) ಒಂದು ಬದಿಯಲ್ಲಿ ಮೆಟ್ಟಿಲಾಗಿ ಸವೆದಿದೆ, ಕ್ರ್ಯಾಂಕಿನ ಕೀ-ವೇ (ಕೀ ಕೂರುವ ತೋಡು) ಬಾಯಿ ಅಗಲವಾಗಿದೆ.

ಎಂಎಕ್ಸ್-5 ಬಲ್ಲವರು ಇಷ್ಟು ಹೊತ್ತಿಗೆ ಹಣೆ ಚಚ್ಚಿಕೊಂಡಿರುತ್ತೀರಿ. ಹೌದು, ಶಾರ್ಟ್-ನೋಸ್ ಕ್ರ್ಯಾಂಕ್. ಮೊದಲ ವರ್ಷಗಳ 1.6ರಲ್ಲಿ ಮೂಗು ಗಿಡ್ಡ, ಕೀ ಹಿಡಿಯುವ ಉದ್ದವೂ ಕಡಿಮೆ, ಬೋಲ್ಟಿನ ಟಾರ್ಕ್ 108ರಿಂದ 118 ನ್ಯೂಟನ್ ಮೀಟರ್ ಮಾತ್ರ. 1991ರಲ್ಲಿ ಮಾಜ್ದಾದವರು ಮೂಗು ಉದ್ದ ಮಾಡಿ ಟಾರ್ಕನ್ನು 157ರಿಂದ 167ಕ್ಕೆ ಏರಿಸಿದರು. ಟೈಮಿಂಗ್ ಬೆಲ್ಟೋ ಮುಂದಿನ ಸೀಲೋ ಬದಲಿಸುವಾಗ ಯಾರೋ ಒಮ್ಮೆ ಬೋಲ್ಟನ್ನು ಅಂದಾಜಿನಲ್ಲಿ ಬಿಗಿದರೆ ಸಾಕು. ಬೋಲ್ಟಿನ ಒತ್ತಡ ಹೊರಬೇಕಾದ ಭಾರ ಕೀ ಮೇಲೆ ಬೀಳುತ್ತದೆ, ಕೀ ಸವೆಯುತ್ತದೆ, ಬಾಸ್ ಓಲಾಡುತ್ತದೆ, ಸವೆತ ಇನ್ನೂ ಹೆಚ್ಚುತ್ತದೆ.

ಸಾದಾ ಗಾಡಿಯಲ್ಲಿ ಇದು ವರ್ಷಗಟ್ಟಲೆ ಅಡಗಿರಬಹುದು. ಬ್ಲೋವರ್ ಬೆಲ್ಟ್ ಹಾಕಿದ ದಿನ ಮಾತ್ರ ಹಾಗಾಗುವುದಿಲ್ಲ. ಬದಿಗೆ 300 ನ್ಯೂಟನ್ ಎಂದರೆ ಎರಡು ಬದಿ ಸೇರಿ ಮೂಗಿಗೆ 600, ಅರುವತ್ತು ಕೆಜಿಯ ಮೂಟೆ ನೇತುಹಾಕಿದಂತೆ. ಆಲ್ಟರ್ನೇಟರ್ ಬೆಲ್ಟಿನ ಎಳೆತ ಬೇರೆ. ಮೂಗಿಗಿಂತ ಮೂಗುತಿ ಭಾರ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ? ಬಿಗಿ ಮಾಡಿದಷ್ಟೂ ಜಾರಾಟ ಹೆಚ್ಚಿದ ರಹಸ್ಯವೂ ಅದೇ: ಬಿಗಿದಷ್ಟೂ ಬಾಸ್ ವಾಲುತ್ತದೆ, ವಾಲಿದಷ್ಟೂ ರಿಬ್‌ಗಳು ತೋಡುಗಳಿಂದ ಮೇಲೇಳುತ್ತವೆ. 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ ನೂರು ಸಲ.

ಸರಿ ಮಾಡುವ ಬಗೆ ಇದೆ, ಪ್ರಸಿದ್ಧವೂ ಹೌದು: ಲಾಕ್‌ಟೈಟ್ 660, ಲೋಹದ ಸಂದು ತುಂಬುವ ಅಂಟು. ಮೂಗು, ಕೀ-ವೇ, ಟೈಮಿಂಗ್ ಬೆಲ್ಟಿನ ಸ್ಪ್ರಾಕೆಟಿನ ಒಳಮೈ ಎಲ್ಲವನ್ನೂ ಬ್ರೇಕ್ ಕ್ಲೀನರ್‌ನಿಂದ ಎಣ್ಣೆ ಜಿಡ್ಡಿಲ್ಲದಂತೆ ತೊಳೆದು, ಹೊಸ ಕೀ ಕೂರಿಸಿ, ಸವೆದ ಜಾಗಕ್ಕೆ 660 ತುಂಬಿ, ಹೊಸ ಬೋಲ್ಟನ್ನು ಟಾರ್ಕ್‌ಗೆ ಬಿಗಿದು 24 ತಾಸು ಮುಟ್ಟದೆ ಬಿಡಬೇಕು. ಎಣ್ಣೆ ಸೀಲಿನ ತುಟಿಗೆ ಅದು ತಾಗಬಾರದು. ಕೀಯನ್ನು ನಿಲ್ಲಿಸುವಾಗ ಸವೆಯದ ಬದಿಗೆ ಒತ್ತಿ ನಿಲ್ಲಿಸಿ, ಇಲ್ಲವಾದರೆ ಕ್ಯಾಮ್ ಟೈಮಿಂಗ್ ತಪ್ಪಿದ ಸ್ಥಿತಿಯಲ್ಲೇ ಗಟ್ಟಿಯಾಗುತ್ತದೆ. ದಿನನಿತ್ಯದ ಓಡಾಟದ ಗಾಡಿಗೆ ಇದು ಧಾರಾಳ. ಅರುವತ್ತು ಕೆಜಿ ಹೊರುವ ಮೂಗಿಗೆ ಅಂಟು ಹಚ್ಚಿ 7000 ತಿರುಗಿಸುವುದು ಬೇಡ ಎಂದು ತೀರ್ಮಾನ.

ಇದೇ ಹೊತ್ತಿನಲ್ಲಿ ಮುಂದಿನ ಪ್ರಾಜೆಕ್ಟ್ ಬಾಗಿಲು ತಟ್ಟುತ್ತಿದೆ. ಟೊಯೋಟಾ ಎಂಆರ್2, ಎಡಬ್ಲ್ಯೂ11, ಸೂಪರ್‌ಚಾರ್ಜರ್ ಫ್ಯಾಕ್ಟರಿಯಿಂದಲೇ. 4ಎ-ಜಿಝಡ್‌ಇ ಎಂಜಿನ್ನಿನ ಕಂಪ್ರೆಶನ್ 8, ಎಸ್‌ಸಿ12 ಬ್ಲೋವರಿನ ಪುಲ್ಲಿಯಲ್ಲಿ ಎಸಿ ಕಂಪ್ರೆಸರಿನ ಹಾಗೆ ವಿದ್ಯುತ್ಕಾಂತೀಯ ಕ್ಲಚ್. ಬೇಡವಾದಾಗ ಬ್ಲೋವರ್ ಸುಮ್ಮನಿರುತ್ತದೆ. ಎಂಬತ್ತರ ದಶಕದಲ್ಲೇ ಇಷ್ಟು ಯೋಚಿಸಿದವರ ಕೆಲಸ ಬಿಚ್ಚಿ ನೋಡುವ ಆಸೆ. ಇರಲಿ, ಮೊದಲು ಇದು.

ಈ ಗಾಡಿಗಳನ್ನು ನೋಡಲು ಹೋಗುವವರು ಬಾನೆಟ್ ಎತ್ತಿದ ಕೂಡಲೇ ಟಾರ್ಚನ್ನು ಕ್ರ್ಯಾಂಕ್ ಪುಲ್ಲಿಯ ನಡುವಿಗೆ ಬಿಡಿ. ಬೋಲ್ಟಿನ ಸುತ್ತ ಬಾಸಿನಲ್ಲಿ ನಾಲ್ಕು ಸೀಳು ಇದ್ದರೆ ಶಾರ್ಟ್-ನೋಸ್, ಎಂಟು ಇದ್ದರೆ ಉದ್ದದ್ದು. ರಿಜಿಸ್ಟ್ರೇಶನ್ ವರ್ಷ ನಂಬಬೇಡಿ, ಮೂವತ್ತು ವರ್ಷದಲ್ಲಿ ಎಂಜಿನ್ ಬದಲಾಗಿರಬಹುದು. ಆಮೇಲೆ ಐಡ್ಲಿನಲ್ಲಿ ಪುಲ್ಲಿಯ ಅಂಚನ್ನೇ ದಿಟ್ಟಿಸಿ, ಓಲಾಟ ಬರಿಗಣ್ಣಿಗೇ ಕಾಣುತ್ತದೆ. ಬ್ಲೋವರ್ ಆಸೆ ಇದ್ದರೆ 1994ರಿಂದೀಚಿನ ಎನ್‌ಎ 1.8ನ್ನೇ ಹುಡುಕಿ: ಕಂಪ್ರೆಶನ್ 9.0, ಡಿಫರೆನ್ಶಿಯಲ್ ಕ್ರೌನ್ 6 ಅಂಗುಲದ ಬದಲು 7, ಕ್ಲಚ್ 200 ಮಿ.ಮೀ. ಬದಲು 215.

ಇಲ್ಲಿ ಬಾಡಿ ತುಕ್ಕಿಲ್ಲದ ಅಪರೂಪದ್ದಾದ್ದರಿಂದ ಗಾಡಿ ಉಳಿಯುತ್ತದೆ, ಎಂಜಿನ್ ಹೋಗುತ್ತದೆ. 1839 ಸಿಸಿಯ ಬಿಪಿ ಎಂಜಿನ್ ಸ್ಟ್ಯಾಂಡಿನ ಮೇಲಿದೆ, ಹಳೇ ಗೇರ್‌ಬಾಕ್ಸಿಗೆ ನೇರ ಕೂರುತ್ತದೆ, ಫ್ಲೈವೀಲ್ ಮತ್ತು ಕ್ಲಚ್ ಮಾತ್ರ 1.8ರದೇ ಬೇಕು. ಡಿಫರೆನ್ಶಿಯಲ್ ಸದ್ಯಕ್ಕೆ ಹಳೆಯದೇ, ಕ್ಲಚ್ ಒದ್ದು ಓಡಿಸದಿದ್ದರೆ ತಾಳೀತು. ಅದೇ 6 ಪಿಎಸ್‌ಐ ಬೇಕೆಂದರೆ ಬ್ಲೋವರನ್ನು 1.15 ಪಟ್ಟು ವೇಗವಾಗಿ ತಿರುಗಿಸಬೇಕು, ಹಾಗಾಗಿ 85ರ ಪುಲ್ಲಿ ಹೋಗಿ 74 ಬರುತ್ತದೆ. 7000ದಲ್ಲಿ ಬ್ಲೋವರ್ 11,800, ಚಿಂತೆಯಿಲ್ಲ. ಆದರೆ ಪುಲ್ಲಿ ಸಣ್ಣದಾದದ್ದಕ್ಕೆ ಬೆಲ್ಟ್ ಸುಮಾರು 17 ಮಿ.ಮೀ. ಗಿಡ್ಡವಾಗಬೇಕು. ಲೆಕ್ಕಕ್ಕೆ ಬರುವುದು 6ಪಿಕೆ1133, ಹತ್ತಿರದ ಅಳತೆ 1135. ಆ ಎರಡು ಮಿಲಿಮೀಟರನ್ನು ಟೆನ್ಶನರ್ ನುಂಗಿಕೊಳ್ಳುತ್ತದೆ. ಆರ್ಡರ್ ಹೋಗಿದೆ, ಈ ಸಲ ಬೇರೆ ಅಂಗಡಿಗೆ.