ಲೈನ್ ಅಂದ್ರ ಯಾವ ಲೈನ್‌ರಿ?

ಮೊನ್ನೆ ಸಂಜೀಕ ಕರೆಂಟ್ ಹೋತು, ಲೈನ್‌ಮನ್‌ಗ ಫೋನ್ ಹಚ್ಚಿದ್ರ ಲೈನ್ ಬಿಜಿ, ಅರ್ಧಾ ತಾಸ ಬಿಟ್ಟು ಸಿಕ್ಕಾವ "ಲೈನ್ ಹರದೈತ್ರಿ ಸರ, ಲೇಟ್ ಆಗ್ತೈತಿ" ಅಂದ. ಅಷ್ಟ್ರಾಗ ಕಾಕಾ ಧಾರವಾಡದ ಲೈನ್ ಬಜಾರದಿಂದ ಪೇಢೆ ತಗೊಂಡು ಬಂದ್ರು, "ಲೈನ್‌ನಾಗ ನಿಂತು ನಿಂತು ಕಾಲ ಸೋತ್ವಪಾ" ಅಂತ. ಕತ್ತಲದಾಗ ಕುಂತು ಎಣಿಸಿದೆ, ಒಂದ ತಾಸಿನ್ಯಾಗ ಐದು ಲೈನ್! ಮೊದಲ ನಮ್ಮ ಕಡೆ ಪಾಳಿ ಹಚ್ಚೂದು ಅಂತಿದ್ರು, ಆ ಶಬ್ದ ಎಲ್ಲಿ ಹೋತೋ ಏನೋ.

ಹುಬ್ಬಳ್ಳಿ ಸ್ಟೇಷನ್‌ನಾಗ ಗದಗ ಲೈನ್, ಲೋಂಡಾ ಲೈನ್. ಕನ್ಯಾ ನೋಡಾಕ ಹ್ವಾದ್ರ "ಹುಡ್ಗ ಯಾವ ಲೈನ್‌ನಾಗ ಅದಾನ್ರಿ?" ಕಾಲೇಜ್ ಹುಡುಗ್ರು ಲೈನ್ ಹೊಡೀತಾರಲ್ಲ, ಅದನ್ನ ಲಂಡನ್‌ದಾಂವಗ ಹೇಳಿದ್ರ ಅಂವ ಪಟ್ಟಿ ತಗೊಂಡು ಗೆರಿ ಹೊಡ್ಯಾಕ ಕುಂದರ್ತಾನ. ಡೆಡ್‌ಲೈನ್ ಒಂದ ನಗೂ ಮಾತಲ್ಲ. 1864ರಾಗ, ಅಮೆರಿಕಾದ ಸಿವಿಲ್ ವಾರ್ ಟೈಮ್‌ದಾಗ, ಆಂಡರ್ಸನ್‌ವಿಲ್ ಅನ್ನೂ ಜೇಲಿನ ಗ್ವಾಡಿ ಒಳಗ ಒಂದ ಗಡಿ ಮಾಡಿದ್ರು, ಅದನ್ನ ದಾಟಿದ ಕೈದಿಗೆ ಗುಂಡ. ಅದ ಡೆಡ್‌ಲೈನ್! ನಮ್ಮ ಆಫೀಸ್‌ನ್ಯಾಗ ದಿನಾ ದಾಟ್ತೀವಿ, ಬರೇ ಬೈಗಳದಾಗ ಮುಗೀತೈತಿ.

ಆದ್ರ ನನಗ ಮಜಾ ಅನಿಸಿದ್ದು ಈ ಲೈನ್ ಅನ್ನೂ ಶಬ್ದದ ಬೇರು. ಲ್ಯಾಟಿನ್‌ದಾಗ ಲೀನಮ್ ಅಂದ್ರ ಅಗಸಿ, ಊರ ಬಾಗಲದ ಅಗಸಿ ಅಲ್ರಿ, ಹಿಂಡಿ ಮಾಡ್ತೀವಲ್ಲ ಆ ಅಗಸಿ. ಅದರ ಗಿಡದ ನಾರಿಲೆ ಹೊಸೆದ ದಾರಕ್ಕ ಲೀನಿಯಾ ಅಂತಿದ್ರು. ಗೌಂಡಿ ಗ್ವಾಡಿ ಕಟ್ಟೂಮುಂದ ಈ ತುದಿಯಿಂದ ಆ ತುದಿಗೆ ದಾರ ಬಿಗೀತಾನಲ್ಲ, ಹಂಗ ದಾರ ಬಿಗಿದ್ರ ಬರೂ ನೆಟ್ಟನ ಗೆರಿಗೂ ಅದ ಹೆಸರು ಬಿತ್ತು, ಆಮ್ಯಾಲ ಸಾಲಿಗೆ, ತಂತಿಗೆ, ಹಳಿಗೆ ಎಲ್ಲಾಕ್ಕೂ ಹಬ್ಬಿತು. ಲಿನನ್ ಬಟ್ಟಿನೂ ಅದ ಬೇರು. ಆ ಲಿನನ್ ಒಳಗ ಹಚ್ಚಿ ಹೊಲೀತಿದ್ರು ಅಂತ ಲೈನಿಂಗ್ ಆತು, ಅಂದ್ರ ಟೇಲರ್ "ಬ್ಲೌಸಿಗೆ ಲೈನಿಂಗ್ ಹಾಕ್ಲ್ಯಾ ಅಕ್ಕಾರ?" ಅಂದಾಗೂ ಅಗಸಿ ಹೆಸರ ತಗೊಂಡಂಗ ಆತು.

ಇದನ್ನೆಲ್ಲಾ ಮೇಣಬತ್ತಿ ಬೆಳಕಿನ್ಯಾಗ ಅವ್ವಗ ಹೇಳಿದೆ. ಅಕಿ ರೊಟ್ಟಿ ಮ್ಯಾಲ ಅಗಸಿ ಹಿಂಡಿ ಹಾಕ್ಕೋತ, "ಹಂಗಾರ ಆ ಲೈನ್‌ಮನ್ ಅಗಸಿ ಮನಿಷ್ಯಾ ಆದ್ನಲ್ಲೋ, ಇನ್ನೊಮ್ಮೆ ಫೋನ್ ಹಚ್ಚು" ಅಂದ್ಲು. ಹಚ್ಚಿದೆ. ಮತ್ತ ಲೈನ್ ಬಿಜಿ.